ಶಕ್ತಿ ತಂಡದಿಂದ ಹಿಂದಕ್ಕೆ: ಜಾಝ್ ಮತ್ತು ಫ್ಯೂಷನ್ ಧ್ವನಿಮುದ್ರಿಕೆಗಳನ್ನು ಯಾವ ದಾರಿಯಲ್ಲಿ ಹುಡುಕಬೇಕು?

ಪ್ರಶ್ನೆ: ಶ್ರುತಿಪೆಟ್ಟಿಗೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದಲ್ಲಿರುವ ಕಾಲೇಜು ಉಪನ್ಯಾಸಕಿ. ಧಾರವಾಡ ಆಕಾಶವಾಣಿ ಹಚ್ಚಿದರೆ ಹಿಂದೂಸ್ತಾನಿ, ಭದ್ರಾವತಿ ಕೇಂದ್ರಕ್ಕೆ ತಿರುಗಿಸಿದರೆ ಕರ್ನಾಟಕ ಸಂಗೀತ ಎನ್ನುವಂತಹ ಮನೆಯಲ್ಲಿ ಬೆಳೆದದ್ದರಿಂದ ಎರಡೂ ಪದ್ಧತಿಗಳು ನನ್ನ ಕಿವಿಗೆ ಹೊಸವಲ್ಲ. ಮಲ್ಲಿಕಾರ್ಜುನ ಮನ್ಸೂರರು ಒಂದು ಜೋಡುರಾಗವನ್ನು ಎತ್ತಿಕೊಂಡಾಗ ಯಾವ ಎಳೆ ಎಲ್ಲಿ ಬಂತು ಎಂದು ಗುರುತಿಸುವಷ್ಟು ಕೇಳ್ಮೆಯೂ ನನಗಿದೆ. ಆದರೆ ಪಾಶ್ಚಾತ್ಯ ಸಂಗೀತದ ಕಡೆಗೆ, ಅದರಲ್ಲಿಯೂ ಜಾಝ್ ಕಡೆಗೆ, ಇತ್ತೀಚಿನವರೆಗೂ ನಾನು ಮುಖ ಮಾಡಿರಲಿಲ್ಲ.

ಕೆಲವು ತಿಂಗಳ ಹಿಂದೆ ಭೌತಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ತಮ್ಮಲ್ಲಿದ್ದ ಶಕ್ತಿ ತಂಡದ ಮೊದಲ ಧ್ವನಿಮುದ್ರಿಕೆಯನ್ನು ಕೇಳಲು ಕೊಟ್ಟರು. ಗಿಟಾರ್‌ನಲ್ಲಿ ಜಾನ್ ಮೆಕ್‌ಲಾಫ್ಲಿನ್, ವಯೊಲಿನ್‌ನಲ್ಲಿ ಎಲ್. ಶಂಕರ್, ತಬಲಾದಲ್ಲಿ ಝಾಕಿರ್ ಹುಸೇನ್, ಘಟದಲ್ಲಿ ವಿಕ್ಕು ವಿನಾಯಕರಾಮ್, ಮೃದಂಗದಲ್ಲಿ ರಾಮನಾಡ್ ರಾಘವನ್. 1975ರಲ್ಲಿ ಅಮೆರಿಕದ ಒಂದು ಕಾಲೇಜಿನಲ್ಲಿ ನಡೆದ ಕಛೇರಿಯ ಮುದ್ರಣವದು. ಮೊದಲನೆಯದಾದ 'ಜಾಯ್' ಎಂಬ ಹದಿನೆಂಟು ನಿಮಿಷಗಳ ರಚನೆ ಮುಗಿಯುವಷ್ಟರಲ್ಲಿ ನನಗೆ ಎರಡು ಸಂಗತಿಗಳು ಒಟ್ಟಿಗೇ ಅನಿಸಿದವು: ಇಲ್ಲಿರುವ ಲಯ ನನಗೆ ಪೂರ್ತಿ ಪರಿಚಿತ, ಆದರೆ ಆ ಗಿಟಾರ್ ವಾದಕರು ಬೇರೆ ಯಾವುದೋ ಊರಿನಿಂದ ಹೊರಟು ಬಂದು ಇಲ್ಲಿ ಸೇರಿದ್ದಾರೆ. ಆ ಊರು ಯಾವುದೆಂದು ತಿಳಿಯುವ ಆಸೆ ಅಂದಿನಿಂದ ಹೋಗಿಲ್ಲ.

ಮೊಬೈಲ್‌ನಲ್ಲಿ ಹುಡುಕಿದರೆ ನೂರು ಶ್ರೇಷ್ಠ ಜಾಝ್ ಆಲ್ಬಮ್‌ಗಳು, ಓದುವಾಗ ಕೇಳಬಹುದಾದ ಜಾಝ್, ಮಳೆಗಾಲದ ಜಾಝ್ ಎಂಬ ಪಟ್ಟಿಗಳು ಸಿಗುತ್ತವೆ. ಒಂದರ ಹಿಂದೊಂದು ತಾನಾಗಿಯೇ ಬರುವ ಆ ಹಾಡುಗಳಲ್ಲಿ ಯಾರು ನುಡಿಸುತ್ತಿದ್ದಾರೆ, ಯಾವ ವರ್ಷದ್ದು, ಯಾರ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬ ಯಾವ ವಿವರವೂ ಇರುವುದಿಲ್ಲ. ನಮ್ಮ ಸಂಗೀತವನ್ನು ನಾನು ಹೀಗೆ ಕಲಿತವಳಲ್ಲ. ಇಂಥವರ ಮಾರ್ವಾ ಕೇಳು, ಆಮೇಲೆ ಅದೇ ರಾಗವನ್ನು ಇಂಥವರಲ್ಲಿ ಕೇಳು ಎಂದು ಹೇಳುವ ಹಿರಿಯರು ಮನೆಯಲ್ಲಿಯೂ ಊರಿನಲ್ಲಿಯೂ ಇದ್ದರು. ಜಾಝ್ ವಿಷಯದಲ್ಲಿ ಹಾಗೆ ಹೇಳುವವರು ನಮ್ಮ ಭಾಗದಲ್ಲಿ ಇದ್ದಾರೆಯೇ? ಶಕ್ತಿ ತಂಡದಿಂದ ಹೊರಟು ಎಲ್ಲಿಗೆ ಹೋಗಬೇಕು, ಯಾವ ಕ್ರಮದಲ್ಲಿ ಹೋಗಬೇಕು ಎಂಬುದನ್ನು, ಬರೀ ಹೆಸರುಗಳ ಪಟ್ಟಿ ಕೊಡದೆ, ಕಾರಣ ಸಹಿತ ತಿಳಿಸಿದರೆ ತುಂಬ ಉಪಕಾರವಾಗುತ್ತದೆ.


ಉತ್ತರ: ಕಿರುತರಂಗ, ದಾವಣಗೆರೆ

ಮೇಡಂ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಜಾಝ್ ನನ್ನ ಕಿವಿಗೆ ಬಿದ್ದದ್ದು ಕಿರುತರಂಗ ರೇಡಿಯೊದಿಂದ. ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕಾನೋವರ್ ಎಂಬವರು 1955ರಿಂದ ದಶಕಗಳ ಕಾಲ ಜಾಝ್ ಕಾರ್ಯಕ್ರಮ ನಡೆಸಿದರು. ಡ್ಯೂಕ್ ಎಲಿಂಗ್ಟನ್ ತಂಡದ 'ಟೇಕ್ ದಿ ಎ ಟ್ರೈನ್' ಅದರ ಗುರುತಿನ ಸಂಗೀತವಾಗಿತ್ತು. ಇಂಗ್ಲಿಷ್ ಮನೆಮಾತಲ್ಲದವರಿಗೂ ತಿಳಿಯಲೆಂದು ಅವರು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಮಾತನಾಡುತ್ತಿದ್ದರು. ಹಾಡು ಹಾಕುವ ಮೊದಲು ಯಾವ ವಾದ್ಯ ಯಾರದು ಎಂದು ಹೇಳುತ್ತಿದ್ದುದೇ ನನಗೆ ಪಾಠವಾಯಿತು. ನಾಯಕನ ಹೆಸರಿಗಿಂತ ಪಕ್ಕವಾದ್ಯದವರ ಹೆಸರುಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದಲೇ.

ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಅದೇ. ಜಾಝ್‌ನಲ್ಲಿ ಒಂದು ಒಳ್ಳೆಯ ಧ್ವನಿಮುದ್ರಿಕೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಪಕ್ಕವಾದ್ಯದವರ ಮೂಲಕ ಹಾದುಹೋಗುತ್ತದೆ, ಏಕೆಂದರೆ ಇಂದು ಒಬ್ಬರ ತಂಡದಲ್ಲಿ ಪಕ್ಕದಲ್ಲಿ ಕುಳಿತವರು ನಾಳೆ ತಮ್ಮದೇ ತಂಡ ಕಟ್ಟುತ್ತಾರೆ, ಮತ್ತು ಹಿಂದಿನ ತಂಡದಲ್ಲಿ ಹೊಳೆದ ವಿಚಾರವನ್ನು ತಮ್ಮ ತಂಡದಲ್ಲಿ ಮುಂದಕ್ಕೆ ಒಯ್ಯುತ್ತಾರೆ. ಶಕ್ತಿ ತಂಡದಿಂದಲೇ ಹಿಂದಕ್ಕೆ ನಡೆದು ನೋಡೋಣ. ಮೆಕ್‌ಲಾಫ್ಲಿನ್ ಇಂಗ್ಲೆಂಡಿನವರು. 1969ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಕೆಲವೇ ದಿನಗಳಲ್ಲಿ ಅವರು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಇನ್ ಎ ಸೈಲೆಂಟ್ ವೇ' ಮುದ್ರಣದಲ್ಲಿ ಕುಳಿತರು. ಶಕ್ತಿಯ ಬಿರುಸಿನ ಗಿಟಾರ್ ಕೇಳಿದವರಿಗೆ ಇಲ್ಲಿ ಅದೇ ಮನುಷ್ಯ ಎಷ್ಟು ಮಿತವಾಗಿ, ಎಷ್ಟು ಜಾಗ ಬಿಟ್ಟು ನುಡಿಸುತ್ತಾರೆಂಬುದು ಆಶ್ಚರ್ಯ ತರುತ್ತದೆ. ಅದೇ ಮುದ್ರಣದಲ್ಲಿ ಕೀಬೋರ್ಡ್ ನುಡಿಸಿದ ಮೂವರಲ್ಲಿ ಜೋ ಝಾವಿನುಲ್ ಒಬ್ಬರು. ಶೀರ್ಷಿಕೆಯ ರಚನೆಯೂ ಅವರದೇ. ಈ ಝಾವಿನುಲ್ ಆವರೆಗೆ ಯಾರ ತಂಡದಲ್ಲಿದ್ದರು ಎಂದು ನೋಡಿದರೆ ಕ್ಯಾನನ್‌ಬಾಲ್ ಆಡರ್ಲಿ ಅವರದು. 1966ರ 'ಮರ್ಸಿ, ಮರ್ಸಿ, ಮರ್ಸಿ' ಝಾವಿನುಲ್ ರಚನೆ. ಆಡರ್ಲಿಯವರ ಬೆನ್ನು ಹಿಡಿದು ಇನ್ನೂ ಹಿಂದಕ್ಕೆ ಹೋದರೆ 1959ರಲ್ಲಿ ಮೈಲ್ಸ್ ಡೇವಿಸ್ ಮುದ್ರಿಸಿದ 'ಕೈಂಡ್ ಆಫ್ ಬ್ಲೂ' ಸಿಗುತ್ತದೆ. ಅಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಅವರದು. ನಿಮ್ಮ ಸಹೋದ್ಯೋಗಿ ಕೊಟ್ಟ ಮುದ್ರಿಕೆಯಿಂದ ಜಾಝ್‌ನ ನಡುಮನೆಗೆ ಬರಲು ಮೂರು ಹೆಸರುಗಳು ಸಾಕಾದವು.

'ಕೈಂಡ್ ಆಫ್ ಬ್ಲೂ' ಎಲ್ಲ ಪಟ್ಟಿಗಳಲ್ಲಿಯೂ ಇರುತ್ತದೆ, ನಿಜ. ಆದರೆ ರಾಗ ಬಲ್ಲ ಕಿವಿಗೆ ಅದು ಏಕೆ ತೆರೆದುಕೊಳ್ಳುತ್ತದೆ ಎಂಬುದನ್ನು ಪಟ್ಟಿಗಳು ಹೇಳುವುದಿಲ್ಲ. ಮೊದಲ ರಚನೆ 'ಸೋ ವಾಟ್' ಅನ್ನೇ ತೆಗೆದುಕೊಳ್ಳಿ. ಅದರ ಒಂದು ಸುತ್ತು 32 ಬಾರ್‌ಗಳದು (ಇಲ್ಲಿ ಒಂದು ಬಾರ್ ಎಂದರೆ ನಾಲ್ಕು ಎಣಿಕೆಯ ಒಂದು ಅಳತೆ). ಮೊದಲ 16 ಬಾರ್‌ಗಳು ಹಾರ್ಮೋನಿಯಂನ ಬಿಳಿ ಎರಡನ್ನು ಷಡ್ಜವಾಗಿಟ್ಟುಕೊಂಡ ಒಂದೇ ಸ್ವರಸಮೂಹದ ಮೇಲೆ ನಿಂತಿವೆ. ಅವರು ಡೋರಿಯನ್ ಎನ್ನುವ ಆ ಸಮೂಹ ನಮ್ಮ ಕಾಫಿ ಥಾಟ್, ಕರ್ನಾಟಕ ಪದ್ಧತಿಯ ಖರಹರಪ್ರಿಯ. ಮುಂದಿನ 8 ಬಾರ್‌ಗಳಲ್ಲಿ ಇಡೀ ಸಮೂಹವೇ ಅರ್ಧ ಸ್ವರ ಮೇಲಕ್ಕೆ ಸರಿಯುತ್ತದೆ, ಕೊನೆಯ 8ರಲ್ಲಿ ಮರಳಿ ಮನೆಗೆ ಬರುತ್ತದೆ. ನಿಮ್ಮ ತಂಬೂರಿಯನ್ನು ಬಿಳಿ ಎರಡಕ್ಕೆ ಸೇರಿಸಿಟ್ಟು ಇದನ್ನು ಕೇಳಿ ನೋಡಿ: 16 ಬಾರ್ ಶ್ರುತಿಯಲ್ಲಿ ಕೂರುತ್ತದೆ, 8 ಬಾರ್ ತಂಬೂರಿಯೊಡನೆ ಉಜ್ಜುತ್ತದೆ, ಮತ್ತೆ ಕೂರುತ್ತದೆ. ಈ ಉಜ್ಜುವಿಕೆಯನ್ನು ಎರಡು ಮೂರು ಸುತ್ತು ಹಿಂಬಾಲಿಸಿದರೆ ಆವರ್ತದ ಲೆಕ್ಕ ತಾನಾಗಿಯೇ ಕೈಗೆ ಬರುತ್ತದೆ. ಅಲ್ಲಿಂದ ಮುಂದೆ ಯಾವ ವಾದಕ ಸುತ್ತಿನ ಯಾವ ಭಾಗದಲ್ಲಿದ್ದಾನೆ ಎಂಬ ಗೊಂದಲವಿರುವುದಿಲ್ಲ. ಮೊದಲು ಮೈಲ್ಸ್ ಡೇವಿಸ್, ನಂತರ ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ನಂತರ ಆಡರ್ಲಿ, ಕೊನೆಗೆ ಪಿಯಾನೊದಲ್ಲಿ ಬಿಲ್ ಇವಾನ್ಸ್ ಮನೋಧರ್ಮ ಮಾಡುತ್ತಾರೆ, ಅಂದರೆ ಆ ಕ್ಷಣದಲ್ಲಿ ತಾವೇ ಕಟ್ಟಿ ನುಡಿಸುತ್ತಾರೆ. ಒಂದೇ ಸ್ವರಸಮೂಹ, ನಾಲ್ಕು ಸ್ವಭಾವಗಳು.

ಈ ನಾಲ್ವರಲ್ಲಿ ನಿಮಗೆ ಯಾರು ಹಿಡಿಸುತ್ತಾರೋ ಅವರ ಹಿಂದೆ ಹೋಗಿ. ಬಿಲ್ ಇವಾನ್ಸ್ ಹಿಡಿಸಿದರೆ 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಮುದ್ರಣವಾದ ಅವರ ಮೂವರ ತಂಡವನ್ನು ಕೇಳಿ. ಅಲ್ಲಿ ಸ್ಕಾಟ್ ಲಫಾರೊ ಅವರ ಬಾಸ್ ತಾಳಕ್ಕೆ ಆಸರೆ ಕೊಟ್ಟು ಸುಮ್ಮನಿರುವುದಿಲ್ಲ. ಕಛೇರಿಯಲ್ಲಿ ಪಿಟೀಲು ಗಾಯಕರಿಗೆ ಮಾರುತ್ತರ ಕೊಡುವಂತೆ ಪಿಯಾನೊ ಜೊತೆ ಮಾತಿಗೆ ಇಳಿಯುತ್ತದೆ. ಅದಾದ ಹತ್ತು ಹನ್ನೊಂದು ದಿನಗಳಲ್ಲಿ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರಿಗಾಗ 25 ವರ್ಷ. ಕೋಲ್ಟ್ರೇನ್ ಹಿಡಿಸಿದರೆ 1964ರ ಡಿಸೆಂಬರ್‌ನಲ್ಲಿ ಮುದ್ರಣವಾದ 'ಎ ಲವ್ ಸುಪ್ರೀಮ್'ಗೆ ಹೋಗಿ. ಅದರ ಕೊನೆಯ ಭಾಗದಲ್ಲಿ ಕೋಲ್ಟ್ರೇನ್ ತಾವೇ ಬರೆದ ಪ್ರಾರ್ಥನೆಯ ಮಾತುಗಳನ್ನು, ಬಾಯಿಂದ ಹೇಳದೆ, ಅಕ್ಷರ ಅಕ್ಷರಕ್ಕೆ ಸ್ಯಾಕ್ಸೊಫೋನ್‌ನಲ್ಲಿ ನುಡಿಸುತ್ತಾರೆ. ಆ ಪದ್ಯ ಮುದ್ರಿಕೆಯ ಹೊದಿಕೆಯ ಮೇಲೆ ಅಚ್ಚಾಗಿದೆ. ಅದನ್ನು ಕೈಯಲ್ಲಿ ಹಿಡಿದು ಓದುತ್ತಾ ಕೇಳಬೇಕು. ಮನ್ಸೂರರ ವಚನಗಾಯನ ಕೇಳಿ ಬೆಳೆದವರಿಗೆ, ಮಾತು ಸ್ವರವಾಗುವ ಈ ಪರಿಯನ್ನು ನಾನು ವಿವರಿಸುವ ಅಗತ್ಯವೇ ಇಲ್ಲ.


ಉತ್ತರ: ಖಂಡಚಾಪು, ಚಿತ್ರದುರ್ಗ

ಕಿರುತರಂಗ ಸರ್ ಹೇಳಿದ ದಾರಿ ಸ್ವರದ ದಾರಿ. ನಾನು ಮೃದಂಗ ಕಲಿಯುತ್ತಿರುವವನಾದ್ದರಿಂದ ಲಯದ ದಾರಿಯೊಂದನ್ನು ಸೇರಿಸಲು ಅನುಮತಿ ಕೊಡಿ. ಅದರಲ್ಲಿ ನಮ್ಮ ಕರ್ನಾಟಕದ ಕಲಾವಿದರು ದೊಡ್ಡ ಪಾತ್ರ ವಹಿಸಿದ್ದಾರೆ ಎಂಬುದು ನಮ್ಮಲ್ಲಿಯೇ ಎಷ್ಟೋ ಜನರಿಗೆ ತಿಳಿದಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಮೊದಲು ಡೇವ್ ಬ್ರೂಬೆಕ್ ತಂಡದ 'ಟೈಮ್ ಔಟ್'. ಇದೂ 1959ರದು. 'ಟೇಕ್ ಫೈವ್' ಎಂಬ ರಚನೆ ಐದು ಮಾತ್ರೆಯದು. ಆದರೆ ನಮ್ಮ ಖಂಡಚಾಪು ಎರಡು-ಮೂರು ಎಂದು ನಡೆದರೆ ಇದು ಮೂರು-ಎರಡು ಎಂದು ನಡೆಯುತ್ತದೆ. ಆದ್ದರಿಂದ ಮೊದಲ ಸಲ ಕೈಯಲ್ಲಿ ತಾಳ ಹಾಕುವವರಿಗೆ ಪೆಟ್ಟು ಬೀಳುವ ಜಾಗ ಬೇರೆಯಾಗಿ ಕೇಳುತ್ತದೆ. ನಡುವೆ ಜೋ ಮೊರೆಲ್ಲೊ ಡ್ರಮ್ಸ್‌ನಲ್ಲಿ ತನಿ ನುಡಿಸುವಾಗ ಬ್ರೂಬೆಕ್ ಪಿಯಾನೊದಲ್ಲಿ ಒಂದೇ ಚಿಕ್ಕ ನುಡಿಕಟ್ಟನ್ನು ಕೊನೆಯವರೆಗೂ ಬಿಡದೆ ಹಿಡಿದಿರುತ್ತಾರೆ. ತಬಲಾ ಸೋಲೊಗೆ ಹಾರ್ಮೋನಿಯಂನವರು ಲಹರಾ ಹಿಡಿಯುವುದನ್ನು ಕೇಳಿದ ಮೇಡಂ ಅವರಿಗೆ ಅಲ್ಲಿ ಏನು ನಡೆಯುತ್ತಿದೆ ಎಂಬುದು ಥಟ್ಟನೆ ಹೊಳೆಯುತ್ತದೆ. ಅದೇ ಮುದ್ರಿಕೆಯ 'ಬ್ಲೂ ರೊಂಡೊ ಅ ಲಾ ಟರ್ಕ್' ಒಂಬತ್ತರ ಲೆಕ್ಕದ್ದು: ತಕ ತಕ ತಕ ತಕಿಟ ಎಂದು ಮೂರು ಸಲ, ನಾಲ್ಕನೆಯ ಸಲ ತಕಿಟ ತಕಿಟ ತಕಿಟ. ಬಾಯಲ್ಲಿ ಹೇಳುತ್ತಾ ಕೇಳಿದರೆ ಆ ರಚನೆಯ ಕಟ್ಟೋಣ ಸ್ಪಷ್ಟವಾಗುತ್ತದೆ. ಈ ಲೆಕ್ಕ ಬ್ರೂಬೆಕ್ ಅವರಿಗೆ ಸಿಕ್ಕಿದ್ದು ಇಸ್ತಾಂಬುಲ್‌ನ ಬೀದಿ ಕಲಾವಿದರಿಂದ. ಆ ಪ್ರವಾಸ 1958ರಲ್ಲಿ ಅಮೆರಿಕ ಸರ್ಕಾರ ಕಳುಹಿಸಿದ್ದು, ಅದೇ ಪ್ರವಾಸದಲ್ಲಿ ಅವರು ಭಾರತಕ್ಕೂ ಬಂದಿದ್ದರು.

ಈಗ ನಮ್ಮವರ ವಿಷಯ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ 1964ರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು ಕಟ್ಟಿದ ಸಂಸ್ಥೆ. ಮಣಿಯವರು, ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿಯವರು ಮತ್ತು ಅವರ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ ಮುದ್ರಿಸಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ನನ್ನ ದೃಷ್ಟಿಯಲ್ಲಿ, ಶಕ್ತಿ ತಂಡದ ಮುದ್ರಿಕೆಗಳ ಪಕ್ಕದಲ್ಲಿ ಇಡಬಹುದಾದ ಕೆಲಸವದು. ಒಂದು ವಿಷಯದಲ್ಲಿ ಅದಕ್ಕಿಂತ ಹೆಚ್ಚು ಎಂದೂ ಹೇಳುತ್ತೇನೆ. ಶಕ್ತಿಯಲ್ಲಿ ವೇಗದ ಆನಂದ ಪ್ರಧಾನ. 'ಜ್ಯೋತಿ'ಯಲ್ಲಿ ಮನುಷ್ಯಕಂಠವೇ ಕೇಂದ್ರ. ರಮಾಮಣಿಯವರ ದನಿಯ ಸುತ್ತ ಸ್ಯಾಕ್ಸೊಫೋನ್ ಕೇಳಿಸಿಕೊಳ್ಳುತ್ತಾ ನಡೆಯುತ್ತದೆ, ಎಲ್ಲಿಯೂ ಮೇಲೆ ಬೀಳುವುದಿಲ್ಲ. ಮರಿಯಾನೊ ದಕ್ಷಿಣ ಭಾರತದಲ್ಲಿದ್ದು ನಾಗಸ್ವರ ಕಲಿತವರು, ಆ ಕಲಿಕೆಯ ಗುರುತು ಅವರ ಸ್ವರದ ಜಾರಿನಲ್ಲಿದೆ. ಕಿರುತರಂಗ ಸರ್ ಹೇಳಿದ ವಿಧಾನದಲ್ಲಿಯೇ ಮರಿಯಾನೊ ಅವರ ಹೆಸರು ಹಿಡಿದು ಹಿಂದಕ್ಕೆ ಹೋದರೆ, ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ 1963ರ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ' ಸಿಗುತ್ತದೆ. ಅಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಇವರದೇ. ಬೆಂಗಳೂರಿನ ಮೃದಂಗದ ಪಾಠಶಾಲೆಯಿಂದ ಮಿಂಗಸ್ ಅವರ ಮನೆಗೆ ಒಂದೇ ಹೆಸರಿನ ದೂರ.

ಎರಡನೆಯದು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕಂಡು ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು, 2019ರ ಅಕ್ಟೋಬರ್‌ನಲ್ಲಿ ನಮ್ಮನ್ನು ಅಗಲಿದರು. ಅವರ ಶಾಸ್ತ್ರೀಯ ಕಛೇರಿಗಳನ್ನು ನೀವೆಲ್ಲ ಕೇಳಿರುತ್ತೀರಿ. ಆದರೆ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 2008ರಲ್ಲಿ ಬಂದ 'ಕಿನ್ಸ್‌ಮೆನ್' ಅನ್ನು ಕೇಳಿದವರು ಚಿತ್ರದುರ್ಗದಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಒಬ್ಬರು ಗಮಕದಿಂದ ಸ್ವರವನ್ನು ಕಟ್ಟುತ್ತಾರೆ, ಇನ್ನೊಬ್ಬರು ಚೂಪಾದ ಕಡಿತಗಳಿಂದ ಕಟ್ಟುತ್ತಾರೆ. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಝ್ ಅಬ್ಬಾಸಿಯವರ ಗಿಟಾರ್, ಜೊತೆಗೆ ಬಾಸ್ ಮತ್ತು ಡ್ರಮ್ಸ್. ಯಾರೂ ತಮ್ಮ ಭಾಷೆ ಬಿಟ್ಟುಕೊಡದೆ ಒಂದೇ ವೇದಿಕೆಯಲ್ಲಿ ಹೇಗೆ ನಿಲ್ಲಬಹುದು ಎಂಬುದಕ್ಕೆ ನಾನು ಎಲ್ಲರಿಗೂ ಮೊದಲು ಕೊಡುವ ಮುದ್ರಿಕೆ ಇದು.


ಉತ್ತರ: ಚಂದ್ರವಳ್ಳಿ, ಚಿತ್ರದುರ್ಗ

ಇಬ್ಬರ ಮಾತುಗಳನ್ನೂ ಗೌರವದಿಂದ ಓದಿದ್ದೇನೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲೇಬೇಕು, ಏಕೆಂದರೆ ಪ್ರಶ್ನೆ ಕೇಳಿದವರು ಜಾಝ್ ಎಂಬ ಊರನ್ನು ಕಾಣಬಯಸಿದ್ದಾರೆ. ರಾಗದ ಬಾಗಿಲಿನಿಂದ ಒಳಗೆ ಬಂದವರು ತಮಗೆ ಪರಿಚಿತವಾದ ಕೋಣೆಯಲ್ಲಿಯೇ ಕುಳಿತುಬಿಡುವ ಅಪಾಯ ಇದರಲ್ಲಿದೆ. 'ಸೋ ವಾಟ್' ನಮಗೆ ಹಿಡಿಸುವುದು ಅದು ನಮ್ಮ ಸಂಗೀತಕ್ಕೆ ಹತ್ತಿರವಿರುವುದರಿಂದ. ಆದರೆ ಜಾಝ್‌ನ ಬಹುಪಾಲು ನಿಂತಿರುವುದು ನಮ್ಮಲ್ಲಿ ಇಲ್ಲದ ಸಂಗತಿಯೊಂದರ ಮೇಲೆ: ಹಲವು ಸ್ವರಗಳು ಒಟ್ಟಿಗೆ ನುಡಿಯುವ ಕಾರ್ಡ್‌ಗಳು ಒಂದರಿಂದೊಂದಕ್ಕೆ ಸಾಗುತ್ತಾ ಒಂದು ಕಥೆ ಹೇಳುತ್ತವೆ, ವಾದಕ ಆ ಕಥೆಯ ಮೇಲೆ ತನ್ನ ಮನೋಧರ್ಮವನ್ನು ಕಟ್ಟುತ್ತಾನೆ. ಈ ಸಾಗುವಿಕೆಯನ್ನು ಕೇಳಲು ಕಲಿಯದಿದ್ದರೆ ಜಾಝ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿಯೇ ಇರುತ್ತದೆ.

ಅದಕ್ಕಾಗಿ ನಾನು ಎರಡು ಹಳೆಯ ಮುದ್ರಣಗಳನ್ನು ಸೂಚಿಸುತ್ತೇನೆ, ಎರಡೂ ಮೂರು ನಿಮಿಷಗಳ ಆಸುಪಾಸಿನವು. ಒಂದು, ಲೂಯಿ ಆರ್ಮ್‌ಸ್ಟ್ರಾಂಗ್ ಅವರ 1928ರ 'ವೆಸ್ಟ್ ಎಂಡ್ ಬ್ಲೂಸ್'. ಆರಂಭದಲ್ಲಿ ಟ್ರಂಪೆಟ್ ಒಂದೇ, ಯಾವ ತಾಳವೂ ಇಲ್ಲದೆ, ಮೇಲೇರಿ ಇಳಿಯುತ್ತದೆ. ಆ ಕೆಲವು ಕ್ಷಣಗಳಲ್ಲಿ ಒಬ್ಬ ಏಕವ್ಯಕ್ತಿ ವಾದಕ ಏನು ಮಾಡಬಲ್ಲ ಎಂಬುದು ಜಗತ್ತಿಗೆ ತಿಳಿಯಿತು. ಆಮೇಲೆ ಬರುವ ಹನ್ನೆರಡು ಬಾರ್‌ಗಳ ಸುತ್ತು ಅಮೆರಿಕದ ಕಪ್ಪು ಜನರ ಹಾಡಿನ ಪ್ರಕಾರವಾದ ಬ್ಲೂಸ್‌ನ ಮೂಲ ಚೌಕಟ್ಟು. ಅದನ್ನು ಬೆರಳೆಣಿಸಿ ಕೇಳಿ ಗಟ್ಟಿ ಮಾಡಿಕೊಂಡರೆ ಮುಂದೆ ಸಾವಿರ ಮುದ್ರಣಗಳಲ್ಲಿ ಅದೇ ಸಿಗುತ್ತದೆ. ಇನ್ನೊಂದು, ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ ಅವರ 1939ರ 'ಬಾಡಿ ಅಂಡ್ ಸೋಲ್'. ಜನಪ್ರಿಯ ಗೀತೆಯೊಂದರ ಧಾಟಿಯನ್ನು ಆರಂಭದಲ್ಲಿ ಮುಟ್ಟಿದಂತೆ ಮಾಡಿ ಬಿಟ್ಟು, ಅದರ ಕಾರ್ಡ್‌ಗಳ ಮೇಲೆ ಮಾತ್ರ ಎರಡು ಸುತ್ತು ಕಟ್ಟಿದ್ದಾರೆ. ಮೊದಲು ಆ ಗೀತೆಯನ್ನು ಯಾರಾದರೂ ನೇರವಾಗಿ ಹಾಡಿದ್ದನ್ನು ಕೇಳಿ, ಅದನ್ನು ಮನಸ್ಸಿನಲ್ಲಿ ಗುನುಗುತ್ತಾ ಹಾಕಿನ್ಸ್ ಅವರನ್ನು ಕೇಳಿ. ಧಾಟಿ ಇಲ್ಲದಿದ್ದರೂ ಗೀತೆ ಇದೆ ಎಂಬುದು ಹೊಳೆಯುತ್ತದೆ. ಕಾರ್ಡ್‌ಗಳಿಗೆ ನಮ್ಮ ಕಿವಿ ಪೂರ್ತಿ ಹೊಸದೇನಲ್ಲ; ಇಳಯರಾಜ ಅವರ ಚಿತ್ರಗೀತೆಗಳ ಹಿನ್ನೆಲೆಯಲ್ಲಿ ದಶಕಗಳಿಂದ ಕೇಳುತ್ತಲೇ ಇದ್ದೇವೆ, ಗಮನ ಕೊಟ್ಟಿಲ್ಲ ಅಷ್ಟೆ. ಅವರ 1986ರ 'ಹೌ ಟು ನೇಮ್ ಇಟ್' ಈ ಗಮನವನ್ನು ಕಲಿಸುವ ಒಳ್ಳೆಯ ಮೆಟ್ಟಿಲು.

ಫ್ಯೂಷನ್ ವಿಷಯದಲ್ಲಿಯೂ ಒಂದು ಮಾತು. ಹಿಂದೆ ತಂಬೂರಿ, ಮುಂದೆ ಕೀಬೋರ್ಡ್, ನಡುವೆ ಒಂದಿಷ್ಟು ತಬಲಾ ಇದ್ದ ಮಾತ್ರಕ್ಕೆ ಅದು ಫ್ಯೂಷನ್ ಆಗುವುದಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರ್ ಮತ್ತು ಜಮೈಕಾ ಮೂಲದ ಜೋ ಹ್ಯಾರಿಯಟ್ ಲಂಡನ್ನಿನಲ್ಲಿ 1966ರಷ್ಟು ಹಿಂದೆಯೇ 'ಇಂಡೋ-ಜಾಝ್ ಸೂಟ್' ಮಾಡಿದರು. ಐವರು ಭಾರತೀಯ ಪದ್ಧತಿಯವರು, ಐವರು ಜಾಝ್‌ನವರು. ಚರಿತ್ರೆಯ ದೃಷ್ಟಿಯಿಂದ ಅದು ಮುಖ್ಯ. ಆದರೆ ಬರೆದಿಟ್ಟ ಭಾಗ ಹೆಚ್ಚಾಗಿ, ಎರಡು ಗುಂಪುಗಳು ಸರದಿಯಲ್ಲಿ ಮಾತನಾಡುತ್ತವೆಯೇ ಹೊರತು ಒಬ್ಬರ ಮಾತಿಗೆ ಇನ್ನೊಬ್ಬರು ಬದಲಾಗುವುದು ಕಡಿಮೆ ಎಂಬುದು ನನ್ನ ಅನಿಸಿಕೆ. ಶಕ್ತಿಯಲ್ಲಿ ಆ ಬದಲಾವಣೆ ನಡೆದಿದೆ. ಮೆಕ್‌ಲಾಫ್ಲಿನ್ ತಮ್ಮ ಗಿಟಾರ್‌ನ ಮೆಟ್ಟಿಲುಗಳ ನಡುವಿನ ಮರವನ್ನು ಕೊರೆಸಿ, ವೀಣೆಯ ಹಾಗೆ ತಂತಿಯನ್ನು ಒತ್ತಿ ಎಳೆಯಲು ಬರುವಂತೆ ಮಾಡಿಸಿಕೊಂಡರು, ಅಡ್ಡಲಾಗಿ ಅನುರಣನದ ತಂತಿಗಳನ್ನೂ ಕಟ್ಟಿಸಿದರು. ವಾದ್ಯವೇ ಬದಲಾಗುವಷ್ಟು ದೂರ ಹೋದವರ ಸಂಗೀತವನ್ನು, ವಾರಾಂತ್ಯದ ವೇದಿಕೆಗೆ ಹೊಂದಿಸಿದ ಮಿಶ್ರಣದೊಂದಿಗೆ ಒಂದೇ ಹೆಸರಿನಿಂದ ಕರೆಯುವುದು ನನಗೆ ಒಪ್ಪಿಗೆಯಿಲ್ಲ.


ಉತ್ತರ: ಕಿರುತರಂಗ, ದಾವಣಗೆರೆ

ಚಂದ್ರವಳ್ಳಿಯವರ ಆಕ್ಷೇಪ ಸರಿಯಾಗಿದೆ, ಮತ್ತು ಆರ್ಮ್‌ಸ್ಟ್ರಾಂಗ್ ಅವರನ್ನು ಬಿಟ್ಟು ಯಾವ ದಾರಿಯೂ ಪೂರ್ಣವಾಗುವುದಿಲ್ಲ. ಆದರೆ ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಪರಿಚಿತವಾದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತವರಿಗೆ ಮನೆಯ ಉಳಿದ ಭಾಗ ನೋಡುವ ಧೈರ್ಯ ಬರುತ್ತದೆ, ಮೊದಲೇ ಅಪರಿಚಿತವಾದದ್ದನ್ನು ಕೊಟ್ಟರೆ ಅನೇಕರು ಹೊಸಿಲಿನಿಂದಲೇ ಮರಳುತ್ತಾರೆ. ಅದೇ ಕಾರಣಕ್ಕೆ, ಮೆಕ್‌ಲಾಫ್ಲಿನ್ ಅಲ್ಲಿಯೂ ಇದ್ದಾರೆಂದು 1970ರಲ್ಲಿ ಹೊರಬಂದ 'ಬಿಚಸ್ ಬ್ರೂ'ಗೆ ಈಗಲೇ ಹೋಗಬೇಡಿ, ಮೇಡಂ. ಅದು ಬಹಳ ದೊಡ್ಡ ಕೆಲಸ. ಗಂಟೆಗಟ್ಟಲೆ ನುಡಿಸಿದ್ದನ್ನು ನಿರ್ಮಾಪಕ ಟಿಯೊ ಮಾಸೆರೊ ಟೇಪು ಕತ್ತರಿಸಿ ಜೋಡಿಸಿ ರೂಪ ಕೊಟ್ಟಿದ್ದಾರೆ, ಅದರ ದಟ್ಟಣೆ ಕಿವಿ ಪಳಗಿದ ಮೇಲೆಯೇ ರುಚಿಸುತ್ತದೆ.

ಜಾಝ್ ವಿಷಯ ಹೇಳುವವರು ನಮ್ಮ ಭಾಗದಲ್ಲಿ ಇದ್ದಾರೆಯೇ ಎಂದು ಕೇಳಿದ್ದಿರಿ. ನಾವು ಕೆಲವರು ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರುವುದುಂಟು, ಚಿತ್ರದುರ್ಗದಿಂದಲೂ ಒಂದಿಬ್ಬರು ಬರುತ್ತಾರೆ. ಒಂದು ಸಂಜೆಗೆ ಒಂದೇ ಧ್ವನಿಮುದ್ರಿಕೆ ಎಂಬುದು ನಮ್ಮ ನಿಯಮ. ತಂದವರು ಮೊದಲು ನುಡಿಸಿದವರ ಹೆಸರು, ಮುದ್ರಣವಾದ ವರ್ಷ ಮತ್ತು ಸುತ್ತಿನ ಅಳತೆ, ಇಷ್ಟನ್ನು ಮಾತ್ರ ಹೇಳಬೇಕು. ಹೊಗಳಿಕೆಯನ್ನು ಕೇಳಿದ ನಂತರಕ್ಕೆ ಇಟ್ಟುಕೊಳ್ಳಬೇಕು. ಪೂರ್ತಿ ಕೇಳಿ ಆದ ಮೇಲೆ ಮಂಡಕ್ಕಿ-ಮೆಣಸಿನಕಾಯಿ, ಚಹಾ. ಅದಾದ ಮೇಲೆ ಯಾರಿಗೆ ಯಾವ ಭಾಗ ಮತ್ತೆ ಕೇಳಬೇಕೆನಿಸಿತೋ ಆ ಭಾಗ ಮಾತ್ರ ಇನ್ನೊಮ್ಮೆ. ಈ ಎರಡನೆಯ ಕೇಳುವಿಕೆಯಲ್ಲಿಯೇ ನಿಜವಾದ ಕಲಿಕೆ ಇದೆ: ನನಗೆ ಬರೀ ಸದ್ದೆನಿಸಿದ್ದ ಡ್ರಮ್ಸ್‌ನ ಒಂದು ತುಣುಕಿನಲ್ಲಿ ಮೃದಂಗದ ಹುಡುಗ ತಿಹಾಯಿಯಂತಹದೊಂದನ್ನು (ಒಂದೇ ನುಡಿಕಟ್ಟು ಮೂರು ಸಲ ಬಂದು ಮುಗಿಯುವುದು) ತೋರಿಸುತ್ತಾನೆ, ಅವನ ಗಮನಕ್ಕೆ ಬಾರದ ಕಾರ್ಡ್ ಬದಲಾವಣೆಯನ್ನು ಚರ್ಚಿನಲ್ಲಿ ಆರ್ಗನ್ ನುಡಿಸುವ ಗೆಳೆಯರೊಬ್ಬರು ಹೇಳುತ್ತಾರೆ. ಯಾವ ಪಟ್ಟಿಯಿಂದಲೂ ನನಗೆ ಇದು ಸಿಕ್ಕಿಲ್ಲ. ನುಡಿಸಿದವರ ಹೆಸರುಗಳು ಮೊಬೈಲ್ ಆ್ಯಪ್‌ನಲ್ಲಿ ಸಿಗದಿದ್ದರೆ ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಹೊದಿಕೆಯ ಹಿಂಬದಿಯ ವಿವರಗಳನ್ನು ನೋಡಬಹುದು. ತಾವೂ ಬನ್ನಿ, ನಿಮ್ಮ ಸಹೋದ್ಯೋಗಿಯವರನ್ನೂ ಕರೆತನ್ನಿ.


ಮರುಪ್ರಶ್ನೆ: ಶ್ರುತಿಪೆಟ್ಟಿಗೆ, ದಾವಣಗೆರೆ

ಮೂವರಿಗೂ ಮನಃಪೂರ್ವಕ ವಂದನೆಗಳು. 'ಜ್ಯೋತಿ'ಯನ್ನು ನಿನ್ನೆ ರಾತ್ರಿ ಕೇಳಿದೆ. ನಮ್ಮದೇ ರಾಜ್ಯದ ಗಾಯಕಿಯೊಬ್ಬರು ಮಾಡಿರುವ ಈ ಕೆಲಸವನ್ನು ನಮಗೆ ಯಾರೂ ಏಕೆ ಹೇಳಲಿಲ್ಲ ಎಂಬ ಖಂಡಚಾಪು ಅವರ ನೋವು ಈಗ ನನ್ನದೂ ಆಗಿದೆ. 'ವೆಸ್ಟ್ ಎಂಡ್ ಬ್ಲೂಸ್' ಆರಂಭವನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ, ಹನ್ನೆರಡು ಬಾರ್‌ಗಳ ಲೆಕ್ಕ ಕೈಗೆ ಬರುತ್ತಿದೆ.

ಒಂದು ಸಂದೇಹ ಉಳಿದಿದೆ. ಕಿರುತರಂಗ ಸರ್ ಹೇಳಿದಂತೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಬಿಳಿ ಎರಡಕ್ಕೆ ಇಟ್ಟು 'ಸೋ ವಾಟ್' ಕೇಳಿದೆ. ಮೊಬೈಲ್‌ನಲ್ಲಿರುವ ಮುದ್ರಣದೊಂದಿಗೆ ಶ್ರುತಿ ಸರಿಯಾಗಿ ಕೂಡಿತು, ನೀವು ಹೇಳಿದ 8 ಬಾರ್‌ಗಳ ಉಜ್ಜುವಿಕೆಯೂ ಕೇಳಿಸಿತು. ಆದರೆ ಸಹೋದ್ಯೋಗಿಯವರ ಮನೆಯಲ್ಲಿರುವ ಹಳೆಯ ಎಲ್‌ಪಿಯನ್ನು ಹಾಕಿದರೆ ಅದೇ ರಚನೆ ತಂಬೂರಿಗಿಂತ ಸ್ವಲ್ಪ ಮೇಲೆ ಕೇಳುತ್ತದೆ; ಮೊದಲ 16 ಬಾರ್‌ಗಳೂ ಕೂರುವುದಿಲ್ಲ. ಎಲ್‌ಪಿಯನ್ನು ತಿರುಗಿಸಿ ಹಾಕಿದರೆ ಎರಡನೆಯ ಬದಿಯಲ್ಲಿ ಈ ತೊಂದರೆ ಇಲ್ಲ. ಒಂದೇ ಯಂತ್ರ, ಒಂದೇ ತಟ್ಟೆ. ಹೀಗೇಕೆ?


ಉತ್ತರ: ಚಂದ್ರವಳ್ಳಿ, ಚಿತ್ರದುರ್ಗ

ನಿಮ್ಮ ಕಿವಿಗೆ ನಮಸ್ಕಾರ, ಮೇಡಂ. ತಪ್ಪು ನಿಮ್ಮ ತಂಬೂರಿಯದೂ ಅಲ್ಲ, ಯಂತ್ರದ್ದೂ ಅಲ್ಲ. ಆ ಮುದ್ರಿಕೆ ಎರಡು ದಿನಗಳ ಕೆಲಸ. ಮೊದಲ ಬದಿಯ ಮೂರೂ ರಚನೆಗಳು 1959ರ ಮಾರ್ಚ್ 2ರಂದು, ಎರಡನೆಯ ಬದಿಯವು ಏಪ್ರಿಲ್ 22ರಂದು ಮುದ್ರಣವಾದವು. ಮಾರ್ಚ್ 2ರಂದು ಸ್ಟುಡಿಯೊದ ಮುಖ್ಯ ಟೇಪ್ ಯಂತ್ರ ನಿಗದಿತ ವೇಗಕ್ಕಿಂತ ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ಓಡುವ ಟೇಪಿನ ಮೇಲೆ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಮೇಲಕ್ಕೆ ಏರುತ್ತದೆ, ಲಯವೂ ಕೊಂಚ ಚುರುಕಾಗುತ್ತದೆ. ಹೀಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಜಗತ್ತು ಆ ಮೂರು ರಚನೆಗಳನ್ನು ಇರಬೇಕಾದ್ದಕ್ಕಿಂತ ಮೇಲಿನ ಶ್ರುತಿಯಲ್ಲಿಯೇ ಕೇಳಿತು. ಎಲ್‌ಪಿಯ ಜೊತೆ ತಮ್ಮ ವಾದ್ಯ ಸೇರಿಸಲು ಹೋದ ಎಷ್ಟೋ ವಾದಕರು ತಮ್ಮ ವಾದ್ಯವನ್ನೇ ಅನುಮಾನಿಸಿರಬೇಕು. ಸರಿಯಾದ ವೇಗದಲ್ಲಿ ಓಡಿದ್ದ ಇನ್ನೊಂದು ಯಂತ್ರದ ಟೇಪನ್ನು ಬಳಸಿ 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದರು. ನಿಮ್ಮ ಮೊಬೈಲ್‌ನಲ್ಲಿರುವುದು ಆ ಸರಿಪಡಿಸಿದ ಪ್ರತಿ.

ಎರಡನೆಯ ಬದಿಯ 'ಆಲ್ ಬ್ಲೂಸ್'ಗೆ ತಂಬೂರಿಯನ್ನು ಬಿಳಿ ಐದಕ್ಕೆ ಇಡಿ. ಆರರ ನಡೆಯಲ್ಲಿರುವ ಅದು ನೀವು ಈಗ ಅಭ್ಯಾಸ ಮಾಡುತ್ತಿರುವ ಹನ್ನೆರಡು ಬಾರ್‌ಗಳ ಬ್ಲೂಸ್ ಚೌಕಟ್ಟನ್ನೇ ಹೊಂದಿದೆ. ಈ ಭಾನುವಾರ ಬರುವಾಗ ಆ ಹಳೆಯ ಎಲ್‌ಪಿಯನ್ನೂ ತರಲು ನಿಮ್ಮ ಸಹೋದ್ಯೋಗಿಯವರಿಗೆ ದಯವಿಟ್ಟು ಹೇಳಿ. ಎರಡು ಪ್ರತಿಗಳನ್ನೂ ತಂಬೂರಿಯ ಎದುರು ಒಂದಾದ ಮೇಲೊಂದು ಹಾಕಿ, ವೇಗ ಬದಲಾದಾಗ ಮೈಲ್ಸ್ ಡೇವಿಸ್ ಅವರ ಸ್ವರದ ಬಣ್ಣ ಎಷ್ಟು ಬದಲಾಗುತ್ತದೆಂದು ಎಲ್ಲರೂ ಕೂಡಿ ಕೇಳೋಣ.